ಇಲಿ ಕಡಿದ ಬೆಲ್

ಬೆಕ್ಕಿಗೆ ಗಂಟೆ ಕಟ್ಟಲು ಸಭೆ ಸೇರಿದ ಇಲಿಗಳ ಕಥೆ ಎಲ್ಲರಿಗೂ ಗೊತ್ತು. ಗಂಟೆಯನ್ನೇ ಕಡಿದು ಹಾಕಿದ ಇಲಿಯ ಕಥೆ ರಾಮನಗರದ ಪ್ರತಿಮಾಳಿಗೆ ಮಾತ್ರ ಗೊತ್ತು. ಅದೂ ಅರೆಬರೆ, ಏಕೆಂದರೆ ಅದು ನಡೆದಷ್ಟು ದಿನವೂ ಅವಳಿಗೆ ತಲೆಯೂ ಅರ್ಥವಾಗಿರಲಿಲ್ಲ, ಬುಡವೂ ಅರ್ಥವಾಗಿರಲಿಲ್ಲ.

ಅವಳ ಮನೆಯ ಮುಂಭಾಗವೆಲ್ಲ ರೇಷ್ಮೆ ನೂಲು ತೆಗೆಯುವ ಶೆಡ್ಡು. ಕುದಿನೀರಿನ ಬೇಸಿನ್ನುಗಳಲ್ಲಿ ಗೂಡು ಬೇಯುತ್ತವೆ, ಮೋಟಾರು ಗಿರ್ರೆನ್ನುತ್ತದೆ, ಗೂಡಿನಿಂದ ಎದ್ದ ಎಳೆಗಳು ರಾಟೆಗೆ ಸುತ್ತಿಕೊಳ್ಳುತ್ತವೆ. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಮಾತೇ ಕೇಳುವುದಿಲ್ಲ, ಇನ್ನು ಹಿಂದಿನ ಕೋಣೆಯಲ್ಲಿ ಮಲಗಿದ ಅತ್ತೆ ಬೋರಮ್ಮನ ದನಿ ಎಲ್ಲಿಂದ ಕೇಳಬೇಕು? ಸೊಂಟದ ಕೆಳಗೆ ಬಲ ಕಳೆದುಕೊಂಡಿದ್ದ ಆ ಮುದುಕಿ ಒಂದು ಬೆಳಗ್ಗೆ ಮಂಚದಿಂದ ಜಾರಿ ಬಿದ್ದಳು. ಕೂಗಿ ಕೂಗಿ ಗಂಟಲು ಬತ್ತಿಸಿಕೊಂಡು ನೆಲದ ಮೇಲೆಯೇ ಇದ್ದಳು. ಮಧ್ಯಾಹ್ನ ಕರೆಂಟು ಹೋಗಿ ಮೋಟಾರು ನಿಂತ ಮೇಲಷ್ಟೇ ಆ ಕೂಗು ಪ್ರತಿಮಾಳ ಕಿವಿಗೆ ಬಿದ್ದದ್ದು. ಕರೆಂಟು ಹೋದದ್ದಕ್ಕೆ ಅವಳು ದೇವರಿಗೆ ಕೈಮುಗಿದದ್ದು ಅದೇ ಮೊದಲು.

ಗಂಡ ಅನಂತರಾಜು ಮಾರನೆಯ ದಿನವೇ ಒಂದು ಬೆಲ್ ತಂದ. ಹಬೆಗೆ ಗೋಡೆಗಳೆಲ್ಲ ಸದಾ ಒದ್ದೆ, ಮನೆ ಕರೆಂಟಿನದು ಬೇಡವೆಂದು ಟಾರ್ಚಿನ ಸೆಲ್ ಹಾಕುವಂಥದ್ದನ್ನೇ ಹುಡುಕಿ ತಂದಿದ್ದ. ಸೆಲ್ಲು ಮತ್ತು ಸ್ವಿಚ್ಚು ಬೋರಮ್ಮನ ತಲೆದೆಸೆಯಲ್ಲಿ, ಬೆಲ್ಲು ಶೆಡ್ಡಿನಲ್ಲಿ. ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಕಬ್ಬಿಣದ ಬಟ್ಟಲಿಗೆ ಟಿರ್ರೆಂದು ಬಡಿಯುತ್ತಿತ್ತು. ಮೋಟಾರಿನ ಸದ್ದನ್ನೂ ಸೀಳಿಕೊಂಡು ಬರುವ ಸದ್ದು. ಎಲ್ಲರಿಗೂ ನೆಮ್ಮದಿಯಾಯಿತು, ಇಲಿಗಳನ್ನು ಬಿಟ್ಟು.

ಬೆಂದ ಗೂಡಿನೊಳಗಿನ ಹುಳದ ಆಸೆಗೆ ರೇಷ್ಮೆ ಶೆಡ್ಡಿಗೆ ಇಲಿ ಬರುವುದು ಹೊಸದೇನಲ್ಲ. ಹೊಟ್ಟೆ ತುಂಬ ಹುಳ ಸಿಗುವಾಗ ಬೆಲ್ಲಿನೊಳಗಿನ ತಂತಿ ಯಾಕೆ ರುಚಿಸಿತೋ, ಆ ಇಲಿಯನ್ನೇ ಕೇಳಬೇಕು. ಒಂದು ದಿನ ಬೋರಮ್ಮ ಸ್ವಿಚ್ಚು ಒತ್ತಿಯೇ ಒತ್ತಿದಳು, ಯಾರೂ ಬರಲಿಲ್ಲ. ನೀರು ಕುಡಿಯಲು ತಾನೇ ಏಳಲು ಹೋಗಿ ಮತ್ತೆ ಬಿದ್ದಳು. ಈ ಸಲ ಹಣೆ ಒಡೆಯಿತು.

ಸುದ್ದಿ ಹಾರೋಹಳ್ಳಿಗೆ ಮುಟ್ಟಿತು. ಅಲ್ಲಿ ಅನಂತರಾಜುವಿನ ಅಕ್ಕ ಬೈರಮ್ಮ ಇದ್ದಳು. ಅವಳ ಗಂಡನಿಗೆ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಕೆಲಸ, ಮನೆಯಲ್ಲಿ ಸದ್ದಿಲ್ಲ, ಹಬೆಯಿಲ್ಲ, ಇಲಿಯಿಲ್ಲ. ಭಾನುವಾರ ಬಂದು ಅವ್ವನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅವಳು ಹೇಳಿ ಕಳಿಸಿದಳು. ಬೋರಮ್ಮ ಬೇಡ ಎನ್ನಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು, ಅಷ್ಟೇ.

ಅತ್ತೆಯನ್ನು ಸಾಗಹಾಕಲು ಜಗಳವಾಡುವ ಸೊಸೆಯರನ್ನು ಲೋಕ ಕಂಡಿದೆ. ಪ್ರತಿಮಾಳ ಜಗಳ ಉಲ್ಟಾ. ಸಾವನದುರ್ಗದ ಬುಡದ ಹಳ್ಳಿಯಿಂದ ಮದುವೆಯಾಗಿ ಬಂದಾಗ ಅವಳಿಗೆ ರೇಷ್ಮೆಯ ತಲೆಬುಡ ತಿಳಿಯುತ್ತಿರಲಿಲ್ಲ. ತುಂಡಾದ ಎಳೆಗೆ ಗಂಟು ಹಾಕಲು ಹೋಗಿ ಬೆರಳಿಗೇ ಸುತ್ತಿಕೊಂಡು ಅಳುತ್ತಿದ್ದಳು. ಆಗ ಪಕ್ಕದಲ್ಲಿ ಕೂತು, ಅವಳ ಬೆರಳನ್ನು ತನ್ನ ಬೆರಳಿನಲ್ಲಿ ಹಿಡಿದು, ಕಣ್ಣಿಗೆ ಕಾಣದಂಥ ಗಂಟು ಹಾಕಲು ಕಲಿಸಿದವಳು ಬೋರಮ್ಮ. ಈಗ ಪ್ರತಿಮಾ ಹಾಕಿದ ಗಂಟನ್ನು ಬೆರಳಲ್ಲಿ ಸವರಿ ಹುಡುಕಬಲ್ಲವರು ಆ ಬೀದಿಯಲ್ಲೇ ಇಲ್ಲ. ಆ ಮುದುಕಿ ಇಲ್ಲದ ಮನೆಯನ್ನು ನೆನೆಯಲೂ ಅವಳಿಗೆ ಆಗುತ್ತಿರಲಿಲ್ಲ.

"ಇನ್ನೊಂದ್ ಬೆಲ್ ತಂದ್ರಾಯ್ತು," ಎಂದಳು ಗಂಡನಿಗೆ.

"ತರದೇನೋ ತತ್ತೀನಿ ಕಣಮ್ಮಿ, ಅದೂ ಕೆಟ್ಟೋಯ್ತದೆ," ಎಂದ ಅನಂತರಾಜು. "ಕೆಟ್ಟೋಗೈತೆ ಅಂತ ನಮ್ಗೆ ಗೊತ್ತಾಗದು ಅವ್ವ ಬಿದ್ದ ಮ್ಯಾಲೇಯ. ಅದ್ರ ಒಳಗಡೆ ಏನೈತೆ ಅಂತ ಈ ಮನೇಲಿ ಯಾರ್ಗ್ ಗೊತ್ತು? ಗೊತ್ತಿಲ್ದಿರೋದ್ನ ನಂಬ್ಕಂಡು ಅವ್ವನ್ನ ಹೆಂಗ್ ಮಡಿಕಳದು?"

ಅವನ ಮಾತಿನಲ್ಲಿ ತಪ್ಪು ಹುಡುಕಲು ಪ್ರತಿಮಾ ಬಹಳ ತಡಕಾಡಿದಳು. ಸಿಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು.

"ಹಂಗಾರೆ ನಾನ್ ತಿಳ್ಕತೀನಿ."

"ಏನ?"

"ಒಳಗಡೆ ಏನೈತೆ ಅನ್ನದ."

ಅನಂತರಾಜು ನಗಲಿಲ್ಲ. ಅವನೇನು ಕೆಟ್ಟವನಲ್ಲ. "ಭಾನ್ವಾರದೊಳಗೆ ತಿಳ್ಕಂಡ್ರೆ ನೋಡನ," ಎಂದು ಬೇಸಿನ್ನಿಗೆ ಗೂಡು ಸುರಿಯಲು ಹೋದ.

ಪ್ರತಿಮಾ ಹತ್ತನೇ ಕ್ಲಾಸು ಪಾಸಾದವಳು. ವಿದ್ಯುತ್ ಪ್ರವಾಹವು ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲಳು. ಹಾಗೆಂದರೆ ಏನು ಎಂದು ಆಗಲೂ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಬೆಲ್ಲಿನ ಮುಚ್ಚಳ ಬಿಚ್ಚಿದಾಗ ಆ ಸಾಲು ತುಟಿಗೆ ಬಂತು, ಕೆಲಸಕ್ಕೆ ಬರಲಿಲ್ಲ. ಒಳಗೆ ಕಬ್ಬಿಣದ ದಪ್ಪ ಕಡ್ಡಿಯೊಂದಕ್ಕೆ ಸುತ್ತಿದ ತಾಮ್ರದ ತಂತಿ, ಅದರೆದುರು ಸುತ್ತಿಗೆ ಹೊತ್ತ ತಗಡಿನ ಪಟ್ಟಿ, ಪಟ್ಟಿಯ ಬೆನ್ನಿಗೆ ತಾಗಿಕೊಂಡ ಒಂದು ಸ್ಕ್ರೂ. ತಂತಿಯ ಮೇಲಿನ ಸುತ್ತುಗಳು ಮೂರು ಕಡೆ ತುಂಡಾಗಿದ್ದವು. ಇಲಿಯ ಹಲ್ಲಿನ ಗುರುತು ಸ್ಪಷ್ಟವಾಗಿತ್ತು.

ಇಷ್ಟೇನಾ ಎಂದುಕೊಂಡಳು ಪ್ರತಿಮಾ. ಎಳೆ ತುಂಡಾದರೆ ಗಂಟು ಹಾಕುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ತುಂಡಾದ ತುದಿಗಳನ್ನು ಹುಡುಕಿ, ಮೂರು ಕಡೆಯೂ ರೇಷ್ಮೆಯ ಗಂಟು ಹಾಕಿ, ಬಿಗಿ ಎಳೆದು, ಉಳಿದ ತುದಿ ಕತ್ತರಿಸಿದಳು. ಅಂಥ ಚೆಂದದ ಗಂಟುಗಳು ಯಾವ ಬೆಲ್ಲಿನೊಳಗೂ ಇದ್ದಿರಲಿಕ್ಕಿಲ್ಲ. ಸೆಲ್ ಜೋಡಿಸಿ ಸ್ವಿಚ್ಚು ಒತ್ತಿದಳು. ಬೆಲ್ಲು ಕಲ್ಲಾಗಿ ಕೂತಿತ್ತು.

ಗಂಟು ಎಳೆದು ನೋಡಿದಳು, ಗಟ್ಟಿ. ಸೆಲ್ ಹೊಸದು. ತಂತಿ ಈ ತುದಿಯಿಂದ ಆ ತುದಿಗೆ ಒಂದೇ. ಹಾಗಿದ್ದರೂ ಕರೆಂಟು ಯಾಕೆ ಹೋಗುವುದಿಲ್ಲ? ನೂಲು ಕೂಡಿದ ಮೇಲೆ ರಾಟೆ ಅದನ್ನು ಎಳೆದುಕೊಳ್ಳಲೇಬೇಕಲ್ಲ. ಇಲಿಯ ಎಂಜಲು ತಾಗಿ ತಂತಿ ಸತ್ತುಹೋಯಿತೇ ಎಂದು ಕೂಡ ಒಂದು ಗಳಿಗೆ ಅನುಮಾನಪಟ್ಟಳು.

ಮಾರನೆಯ ದಿನ ಬೆಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಖಲಂದರನ ಅಂಗಡಿಗೆ ಹೋದಳು. ಖಲಂದರ್ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು, ಊರಿನ ಶೆಡ್ಡುಗಳ ಮೋಟಾರೆಲ್ಲ ಅವನ ಕೈ ದಾಟಿಯೇ ಬಂದವು. ಮಾಗಡಿ ಕಡೆ ಬೋರ್‌ವೆಲ್ ಮೋಟಾರು ಇಳಿಸಲು ಹೊರಟು ನಿಂತಿದ್ದ, ಟೆಂಪೋದವನು ಹಾರನ್ ಹೊಡೆಯುತ್ತಿದ್ದ. ಬೆಲ್ಲಿನ ಮೇಲೆ ಕಣ್ಣಾಡಿಸಿ, "ಅಕ್ಕಾ, ತಂತಿಗೆ ಬೆಂಕಿ ತೋರ್ಸ್ಬೇಕು, ಹಂಗೇ ಕೂಡ್ಸುದ್ರೆ ಆಗಲ್ಲ," ಎಂದವನೇ ಟೆಂಪೋ ಹತ್ತಿದ. ಹೋಗುವಾಗ ಬೇಕಾದರೆ ಇರಲೆಂದು ಅಂಥದ್ದೇ ಒಂದು ಗೇಣು ಹಳೇ ತಂತಿಯನ್ನೂ ಕೈಗೆ ತುರುಕಿದ. ಯಾಕೆ ಬೆಂಕಿ ತೋರಿಸಬೇಕು ಎಂದು ಕೇಳುವಷ್ಟರಲ್ಲಿ ಟೆಂಪೋ ತಿರುವು ದಾಟಿತ್ತು.

ನೈಲಾನ್ ಹಗ್ಗದ ಗಂಟು ಬಿಚ್ಚಿಕೊಳ್ಳದ ಹಾಗೆ ತುದಿ ಸುಡುವುದು ಪ್ರತಿಮಾಳಿಗೆ ಗೊತ್ತಿತ್ತು. ಇದೂ ಅದೇ ಇರಬೇಕೆಂದು ಕಡ್ಡಿ ಗೀರಿ ಮೂರೂ ಗಂಟುಗಳನ್ನು ಸುಟ್ಟಳು. ಗಂಟು ಕಪ್ಪಾಯಿತು, ಬೆರಳಿಗೆ ಬೊಬ್ಬೆ ಬಂತು, ಬೆಲ್ಲು ಮಾತ್ರ ಉಸಿರೆತ್ತಲಿಲ್ಲ. ಖಲಂದರ್ ಹೇಳಿದ್ದನ್ನು ಮಾಡಿದರೂ ಆಗದೆ ಹೋದರೆ ಇನ್ನು ಯಾರನ್ನು ಕೇಳುವುದು? ಅವಳ ತಲೆ ಕೆಟ್ಟು ಗೊಬ್ಬರವಾಯಿತು.

ಆಗ ಅವಳಿಗೆ ಒಂದು ಮಾತು ಹೊಳೆಯಿತು. ಬೆಲ್ಲು ದೊಡ್ಡದು, ಅದರ ಮುಂದೆ ತಾನು ದಡ್ಡಿ. ಅದಕ್ಕಿಂತ ಚಿಕ್ಕದರಿಂದ ಶುರು ಮಾಡಿದರೆ? ಮನೆಯ ಟಾರ್ಚು ಬಿಚ್ಚಿ ಬಲ್ಬು ತೆಗೆದಳು. ಎರಡು ಸೆಲ್ಲು, ಬಲ್ಬು, ಎರಡು ತುಂಡು ಪ್ಲಾಸ್ಟಿಕ್ ವೈರು. ಎರಡು ವೈರಿನ ಬರಿ ತುದಿ ಒಂದಕ್ಕೊಂದು ತಾಗಿಸಿದರೆ ಬಲ್ಬು ಹತ್ತುತ್ತದೆ, ಬಿಡಿಸಿದರೆ ಆರುತ್ತದೆ. ಇಷ್ಟು ಮಗುವಿಗೂ ಗೊತ್ತಾಗುವಂಥದ್ದು. ಆ ಎರಡು ತುದಿಗಳ ನಡುವೆ ಅವಳು ಮನೆಯ ಸಾಮಾನನ್ನೆಲ್ಲ ಇಟ್ಟು ನೋಡತೊಡಗಿದಳು. ಚಮಚ ಇಟ್ಟರೆ ಬಲ್ಬು ಹತ್ತಿತು. ಬೀಗದ ಕೈ, ಹತ್ತಿತು. ಗಾಜಿನ ಬಳೆ, ಇಲ್ಲ. ಕೊರಳ ತಾಳಿಯ ಗುಂಡು, ಹತ್ತಿತು. ರೇಷ್ಮೆ ಎಳೆ, ಇಲ್ಲ. ತಾಮ್ರದ ಚೊಂಬು ಇಟ್ಟರೆ ಝಗ್ಗೆಂದು ಹತ್ತಿತು. ಕೊನೆಗೆ ಖಲಂದರ್ ಕೊಟ್ಟ ತಾಮ್ರದ ತಂತಿ ಇಟ್ಟಳು.

ಹತ್ತಲಿಲ್ಲ.

ಚೊಂಬೂ ತಾಮ್ರ, ತಂತಿಯೂ ತಾಮ್ರ. ಚೊಂಬಿಗೆ ಹತ್ತುವ ಬಲ್ಬು ತಂತಿಗೆ ಯಾಕೆ ಹತ್ತುವುದಿಲ್ಲ? ಪ್ಲಾಸ್ಟಿಕ್ ವೈರಿನ ಹಾಗೆ ಇದರ ಮೈಮೇಲೆ ಬಟ್ಟೆಯೂ ಇಲ್ಲ, ಮಿರಮಿರ ಹೊಳೆಯುತ್ತಿದೆ. ಮತ್ತೆ ಚೊಂಬು, ಮತ್ತೆ ತಂತಿ. ಮತ್ತೆ ಚೊಂಬು. ಪ್ರತಿಮಾ ಹುಚ್ಚಿಯ ಹಾಗೆ ಅತ್ತೆಯ ಕೋಣೆಯ ನೆಲದ ಮೇಲೆ ಕೂತು ಚೊಂಬಿಗೂ ತಂತಿಗೂ ಪಂಚಾಯಿತಿ ಮಾಡುತ್ತಿದ್ದಳು. ಮಂಚದ ಮೇಲಿನ ಬೋರಮ್ಮ ಗೋಡೆ ಬಿಟ್ಟು ಇತ್ತ ತಿರುಗಿದ್ದಳು.

"ಏನ್ ಮಗ ಅದು, ಹತ್ಸದು ಆರ್ಸದು?"

"ಗೊತ್ತಿಲ್ಲ ಅತ್ತೆ. ನನ್ಗೇ ಗೊತ್ತಾಯ್ತಾ ಇಲ್ಲ."

"ಮಾಡು ಮಾಡು," ಎಂದಳು ಮುದುಕಿ. ಅವಳಿಗೆ ಹೊತ್ತು ಹೋಗುತ್ತಿತ್ತು.

ಸಿಟ್ಟಿಗೆ ಪ್ರತಿಮಾ ಆ ತಂತಿಯನ್ನು ಕತ್ತರಿಯಲ್ಲಿ ಕಚಕ್ಕೆಂದು ಎರಡು ತುಂಡು ಮಾಡಿದಳು. ಹೊಸದಾಗಿ ಕತ್ತರಿಸಿದ ತುಂಡನ್ನು ವೈರುಗಳ ನಡುವೆ ಇಡುವಾಗ ಕೈ ಅಲುಗಿ ಬಲ್ಬು ಒಂದು ಸಲ ಮಿಣುಕಿತು. ಮತ್ತೆ ಇಟ್ಟಳು, ಇಲ್ಲ. ಅಲುಗಿಸಿದಳು, ಮಿಣುಕ್. ಹತ್ತಿರ ಬಾಗಿ ನೋಡಿದಳು. ತಂತಿಯ ಎರಡೂ ಕೊನೆಗಳ ಕತ್ತರಿಸಿದ ಮುಖಕ್ಕೆ ವೈರು ತಾಗಿದಾಗ ಮಾತ್ರ ಬಲ್ಬು ಹತ್ತುತ್ತಿತ್ತು. ಪಕ್ಕಕ್ಕೆ ತಾಗಿದರೆ ಇಲ್ಲ. ಕತ್ತರಿಸಿದ ಮುಖ ಕರೆಂಟು ಬಿಡುತ್ತದೆ, ಮೈ ಬಿಡುವುದಿಲ್ಲ. ಒಂದೇ ತಂತಿಗೆ ಎರಡು ಬುದ್ಧಿ ಹೇಗೆ?

ಹೊರಗೆ ಅನಂತರಾಜು ಬೇಸಿನ್ನಿಗೆ ಬಿಸಿನೀರು ಬಿಡುವ ಸದ್ದಾಯಿತು. ಗೂಡನ್ನು ಬೇಯಿಸುವುದು ಯಾತಕ್ಕೆ? ಎಳೆಯ ಮೈಗೆ ಅಂಟು ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಬೇಯಿಸಿ ಅದನ್ನು ಸಡಿಲ ಮಾಡದಿದ್ದರೆ ಎಳೆ ಬಿಡಿಸಿಕೊಳ್ಳುವುದಿಲ್ಲ. ಕಣ್ಣಿಗೆ ಕಾಣದ್ದು ಇಲ್ಲ ಅಂತಲ್ಲ. ಪ್ರತಿಮಾ ಬ್ಲೇಡು ತಂದು ತಂತಿಯ ಎರಡೂ ತುದಿಗಳನ್ನು ಕೆರೆದಳು. ಕಂದು ಬಣ್ಣದ ಪುಡಿ ಉದುರಿತು. ಅದರಡಿಯ ತಾಮ್ರ ಬೇರೆಯೇ ಬಣ್ಣದ್ದು, ಎಳೆ ಮಗುವಿನ ತುಟಿಯಂತೆ ನಸುಗೆಂಪು. ವೈರು ತಾಗಿಸಿದಳು. ಬಲ್ಬು ನಿಶ್ಚಿಂತೆಯಾಗಿ ಹತ್ತಿ ನಿಂತಿತು.

ಅವಳಿಗೆ ನಗು ಬಂತು. ತಡೆಯಲಾಗದ ನಗು, ಕಣ್ಣಲ್ಲಿ ನೀರು ಬರುವಂಥದ್ದು. ಮದುವೆಯ ದಿನವೂ ಅವಳು ಅಷ್ಟು ಸಂತೋಷಪಟ್ಟಿರಲಿಲ್ಲ. ತಾನು ಹಾಕಿದ ಗಂಟು ಎಷ್ಟು ಬಿಗಿಯೋ ಅಷ್ಟೂ ತಪ್ಪು. ಅಂಟಿಗೆ ಅಂಟು ತಾಗಿತ್ತೇ ಹೊರತು ತಾಮ್ರಕ್ಕೆ ತಾಮ್ರ ತಾಗಿರಲೇ ಇಲ್ಲ. ಖಲಂದರ್ ಬೆಂಕಿ ತೋರಿಸು ಎಂದದ್ದು ಗಂಟು ಹಾಕುವ ಮುಂಚೆ, ಮೈಮೇಲಿನ ಆ ಕಾಣದ ಪೊರೆಯನ್ನು ಸುಟ್ಟು ಒರೆಸಿ ಹಾಕಲು.

"ಹುಚ್ಚ್ ಗಿಚ್ಚ್ ಹಿಡೀತಾ ನಿಂಗೆ?" ಎಂದಳು ಬೋರಮ್ಮ.

"ಹೂಂ ಅತ್ತೆ."

ಗಂಟು ಬಿಚ್ಚಿ, ತುದಿ ಕೆರೆದು, ಹೊಸದಾಗಿ ಹೊಸೆದು ಬೆಲ್ಲಿಗೆ ಸೆಲ್ ಕೊಟ್ಟಾಗ ಅದು ಟಿರ್ರೆಂದಿತು. ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಬಿಡಲಾಗಲಿಲ್ಲ, ಒಂದು ತಿಳಿದ ಮೇಲೆ ಇನ್ನೊಂದು ಕಚ್ಚಿಕೊಂಡಿತು. ಈ ಪೊರೆಯನ್ನು ಕಂಪನಿಯವರು ಬಳಿದದ್ದಾದರೂ ಯಾಕೆ? ಒಂದು ದಿನವೆಲ್ಲ ಎಳೆ ಹಿಡಿದು ನಿಂತರೂ ಅದೇ ಯೋಚನೆ. ರಾಗಿ ಹೊಲಕ್ಕೆ ನೀರು ಬಿಟ್ಟಾಗ ಬದು ಒಡೆದಿದ್ದರೆ ನೀರು ಸುತ್ತುಬಳಸಿ ಹೋಗುವುದಿಲ್ಲ, ಅಡ್ಡಕ್ಕೆ ನುಗ್ಗುತ್ತದೆ. ಪೊರೆ ಇಲ್ಲದಿದ್ದರೆ ಕರೆಂಟೂ ಅಷ್ಟೇ, ಸುತ್ತು ಹಾಕುವ ಬದಲು ಪಕ್ಕದ ಸುತ್ತಿನ ಮೇಲೆ ಹಾರಿಬಿಡುತ್ತದೆ. ಪೊರೆಯೇ ಬದು. ಸರಿ, ಸುತ್ತಿಗೆ ಒಂದೇ ಸಲ ಹೊಡೆದು ಸುಮ್ಮನಾಗದೆ ಮತ್ತೆ ಮತ್ತೆ ಯಾಕೆ ಹೊಡೆಯುತ್ತದೆ? ಬೆರಳಲ್ಲಿ ಪಟ್ಟಿಯನ್ನು ಮೆಲ್ಲಗೆ ಒತ್ತಿ ನೋಡಿದಳು. ಕರೆಂಟು ಬಂದರೆ ಕಬ್ಬಿಣದ ಕಡ್ಡಿ ಪಟ್ಟಿಯನ್ನು ಎಳೆಯುತ್ತದೆ. ಎಳೆದರೆ ಪಟ್ಟಿ ಸ್ಕ್ರೂವನ್ನು ಬಿಡುತ್ತದೆ. ಬಿಟ್ಟರೆ ಕರೆಂಟು ನಿಲ್ಲುತ್ತದೆ. ನಿಂತರೆ ಪಟ್ಟಿ ವಾಪಸು ಬಂದು ಸ್ಕ್ರೂಗೆ ತಾಗುತ್ತದೆ, ಮತ್ತೆ ಕರೆಂಟು. ತಾನೇ ಬಾಗಿಲು ಹಾಕಿಕೊಂಡು ತಾನೇ ತೆಗೆಯುವ ಈ ಹುಚ್ಚಾಟವೇ ಆ ಟಿರ್ರೆನ್ನುವ ಸದ್ದು. ಇದನ್ನು ಅನ್ನ ಬಡಿಸುವಾಗ ಗಂಡನಿಗೆ ವಿವರಿಸಿದಳು. ಅವನು ತಲೆಯಾಡಿಸಿ ಇನ್ನೊಂದು ಸೌಟು ಸಾರು ಕೇಳಿದ.

ಭಾನುವಾರ ಬೈರಮ್ಮ ಕನಕಪುರದ ಮೇಲೆ ಹಾದು ಬರುವ ಬಸ್ಸಿನಲ್ಲಿ, ಅವ್ವನ ಸೀರೆ ತುಂಬಿಕೊಳ್ಳಲು ಖಾಲಿ ಚೀಲ ಹಿಡಿದು ಬಂದಳು. ಅನಂತರಾಜು ಶೆಡ್ಡಿನ ಮೋಟಾರು ಚಾಲು ಮಾಡಿ, ಹೋಗಿ ಅವ್ವನ ತಲೆದೆಸೆಯ ಸ್ವಿಚ್ಚು ಒತ್ತಿದ. ಪ್ರತಿಮಾ ಮತ್ತು ಬೈರಮ್ಮ ಬೆಲ್ಲಿನ ಕೆಳಗೆ ನಿಂತಿದ್ದರು. ಸದ್ದಿಲ್ಲ. ಮತ್ತೆ ಒತ್ತಿದ. ಸದ್ದಿಲ್ಲ.

"ಇದ್ನ ನಂಬ್ಕಂಡಾ ನಮ್ಮವ್ವನ್ನ ಮಡಿಕತೀವಿ ಅಂತಿದ್ದದು?" ಎಂದು ಅವಳ ಕಿವಿಯ ಬಳಿ ಕೂಗಿದಳು ಬೈರಮ್ಮ. ದನಿಯಲ್ಲಿ ಕುಹಕವಿರಲಿಲ್ಲ, ಭಯವಿತ್ತು.

ನಿನ್ನೆ ಸಂಜೆ ಹೊಡೆದುಕೊಂಡ ಬೆಲ್ಲು ಇವತ್ತು ಯಾಕೆ ಹೀಗೆ? ಮತ್ತೆ ಇಲಿಯೋ? ಎಲ್ಲ ಮರೆತು ಹೋದಂತಾಯಿತು. ಆಮೇಲೆ, ಚಿಕ್ಕದರಿಂದ ಶುರು ಮಾಡು ಎಂದು ತನಗೆ ತಾನೇ ಹೇಳಿಕೊಂಡು ಬಲ್ಬು ತಂದಳು. ಸೆಲ್ಲಿಗೆ ಇಟ್ಟಳು, ಹತ್ತಿತು. ಸ್ವಿಚ್ಚು ದಾಟಿ ಇಟ್ಟಳು, ಹತ್ತಿತು. ಗೋಡೆಯುದ್ದದ ವೈರು ದಾಟಿ ಬಂದಳು, ತಂತಿಯ ಸುರುಳಿ ದಾಟಿದಳು, ಮಂಕಾಗಿಯಾದರೂ ಹತ್ತಿತು. ಪಟ್ಟಿ ಸರಿ. ಸ್ಕ್ರೂ ದಾಟಿದರೆ ಆರಿತು. ಸ್ಕ್ರೂವಿನ ಮೂತಿ ನೋಡಿದರೆ ಕರ್ರಗಿತ್ತು. ನಿನ್ನೆ ಸಂಜೆಯೆಲ್ಲ ಸಂಭ್ರಮಕ್ಕೆ ಹೊಡೆಸಿ ಹೊಡೆಸಿ, ಕಿಡಿ ಹಾರಿ ಮಸಿ ಕಟ್ಟಿತ್ತು. ಬೆಂಕಿಪೊಟ್ಟಣದ ಒರಟು ಪಕ್ಕದಲ್ಲಿ ಅದನ್ನು ಉಜ್ಜಿದಳು. ಒಳಗಿನಿಂದ ಅನಂತರಾಜು ಇನ್ನೂ ಒತ್ತಿ ಹಿಡಿದೇ ಇದ್ದನೇನೋ, ಬೆಲ್ಲು ಅವಳ ಕೈಯಡಿಯಲ್ಲೇ ಟಿರ್ರೆಂದು ಹೊಡೆದುಕೊಂಡಿತು.

ಪ್ರತಿಮಾ ಮೋಟಾರು ನಿಲ್ಲಿಸಿದಳು. ಬೈರಮ್ಮ ತಮ್ಮನ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಆದರೂ ಅವಳು ಮಗಳು. "ಸರಿ ಕಣವ್ವ, ಇವತ್ತು ನೀನ್ ನೋಡ್ದೆ, ಗೊತ್ತಾಯ್ತು. ಕೆಟ್ಟಿರದು ಗೊತ್ತಾಗ್ದಲೇ ಇದ್ದಿದ್ರೆ?"

ಗಂಡನ ಪ್ರಶ್ನೆಯೂ ಅದೇ ಆಗಿತ್ತು. ಪ್ರತಿಮಾ ಬಲ್ಬು ಹಿಡಿದುಕೊಂಡೇ ಬೈರಮ್ಮನ ಹಿಂದೆ ಕೋಣೆಗೆ ಹೋದಳು. ಬೈರಮ್ಮ ಚೀಲ ಬಿಚ್ಚಿ ಸೀರೆ ಮಡಚತೊಡಗಿದಳು.

ಇಷ್ಟು ದಿನ ತನ್ನ ವಿಷಯಕ್ಕೆ ಬಾಯಿ ತೆರೆಯದ ಬೋರಮ್ಮ ಆಗ ಮಾತಾಡಿದಳು. "ಅಲ್ಲ ಮಗ, ಬೆಲ್ಲು ಅಲ್ಲೈತೆ, ನಾನಿಲ್ಲಿವ್ನಿ. ಅದು ಅಲ್ಲಿ ಹೊಡ್ಕತೋ ಇಲ್ವೋ ಅಂತ ಮೋಟಾರ್ ಗಲಾಟೇಲಿ ನಂಗ್ ಹೆಂಗ್ ತಿಳೀಬೇಕು? ಆ ದೀಪ ಐತಲ್ಲ ನಿನ್ ಕೈಲಿ, ಅದು ಹೇಳಕಿಲ್ವಾ?"

ಪ್ರತಿಮಾ ಕೈಯಲ್ಲಿದ್ದ ಬಲ್ಬು ನೋಡಿದಳು, ಗೋಡೆಯ ವೈರು ನೋಡಿದಳು. ಸೆಲ್ಲಿನಿಂದ ಹೊರಟ ಕರೆಂಟು ಬೆಲ್ಲಿಗೆ ಹೋಗಿ ಇದೇ ಕೋಣೆಗೆ ವಾಪಸು ಬರಬೇಕು. ಬರುವ ದಾರಿಯಲ್ಲಿ ಬಲ್ಬು ನಿಲ್ಲಿಸಿದರೆ? ಎಲ್ಲಿ ತುಂಡಾದರೂ ಇದು ಹತ್ತುವುದಿಲ್ಲ. ಯಾರಿಗೂ ಏನೂ ಹೇಳದೆ ವೈರು ಕತ್ತರಿಸಿದಳು, ಕೆರೆದಳು, ಬಲ್ಬನ್ನು ನಡುವೆ ಹೊಸೆದಳು, ಕರೆಂಟು ಸಾಲದೇ ಇದ್ದೀತೆಂದು ಒಂದು ಸೆಲ್ ಹೆಚ್ಚಿಗೆ ಇಟ್ಟಳು. ಬೋರಮ್ಮ ಸ್ವಿಚ್ಚು ಒತ್ತಿದಳು. ಶೆಡ್ಡಿನ ಕಡೆಯಿಂದ ಟಿರ್ರೆಂದಿತು. ಮಂಚದ ತಲೆದೆಸೆಯಲ್ಲಿ ಬಲ್ಬು ಸಣ್ಣಗೆ ನಡುಗುತ್ತ ಹತ್ತಿಕೊಂಡಿತು.

"ದಿನಾ ಎದ್ದೇಟ್ಗೆ ಒಂದ್ಸಲ ಒತ್ತಿ ನೋಡ್ತೀನಿ," ಎಂದಳು ಬೋರಮ್ಮ ಮಗಳಿಗೆ. "ಹತ್ತಲಿಲ್ಲ ಅಂದ್ರೆ ಮೋಟಾರ್ ಹಾಕೋಕ್ ಮುಂಚೇನೇ ಕೂಗ್ತೀನಿ. ಇನ್ನೇನವ್ವ ನಿಂದು?"

ಬೈರಮ್ಮ ಮಡಚಿದ ಸೀರೆ ಹಿಡಿದು ನಿಂತಳು. ಬೋರಮ್ಮ ಅವಳನ್ನು ಬಿಟ್ಟು ಸೊಸೆಯ ಕಡೆ ತಿರುಗಿದಳು. ಮೊದಲಿಂದ ಹೇಳು ಎಂದಳು. ಪ್ರತಿಮಾ ಮಂಚದ ಅಂಚಿನಲ್ಲಿ ಕೂತು ಸೆಲ್ಲು, ಚೊಂಬು, ಪೊರೆ, ಬದು ಎಲ್ಲ ಹೇಳಿದಳು. ಕಡ್ಡಿ ಪಟ್ಟಿಯನ್ನು ಎಳೆಯುತ್ತದೆ ಎನ್ನುವಲ್ಲಿಗೆ ಮುದುಕಿ ತಡೆದಳು.

"ತಡಿ. ಸುತ್ತಿರದು ತಾಮ್ರ. ಕರೆಂಟ್ ಹೋಗದು ತಾಮ್ರದಾಗೆ. ಒಳಗಿನ ಕಬ್ಬಿಣ ಯಾಕ್ ಎಳೀಬೇಕು?"

ಎಳೆಯುವುದನ್ನು ಪ್ರತಿಮಾ ಕಣ್ಣಾರೆ ಕಂಡಿದ್ದಳು, ಯಾಕೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವಳಿಗೆ ಮತ್ತೆ ಎಲ್ಲ ಗೋಜಲಾಯಿತು, ಮತ್ತು ಆ ಗೋಜಲು ಈ ಸಲ ಅವಳಿಗೆ ಹಿತವಾಗಿಯೇ ಇತ್ತು.

"ಗೊತ್ತಿಲ್ಲ ಅತ್ತೆ."

"ನಂಗೂ ಗೊತ್ತಿಲ್ಲ." ಬೋರಮ್ಮ ಮಗಳ ಕೈಯಿಂದ ಸೀರೆ ಇಸಿದುಕೊಂಡು ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. "ಬೈರಿ, ನೀನು ಊಟ ಮಾಡ್ಕಂಡು ಬಸ್ಸಿಗೆ ಹೊರಡವ್ವ. ಇದೊಂದು ತಿಳಿಯೋಗಂಟ ನಾನೆಲ್ಲಿಗೂ ಬರಕಿಲ್ಲ."